ಒಂದು ಬುಗುರಿ, ಐದು ಕ್ಯಾಮೆರಾ

ಮೂರು ತಿಂಗಳಿಂದ ಒಂದೇ ಬುಗುರಿಯ ಫೋಟೊ ತೆಗೆಯುತ್ತಿದ್ದೇನೆ. ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ಚನ್ನಪಟ್ಟಣದ ರಸ್ತೆ ಬದಿಯಲ್ಲಿ ಕೊಂಡದ್ದು. ಹಾಲೆ ಮರದ ಬುಗುರಿ, ಮೈಮೇಲೆ ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆ. ಹೊಟ್ಟೆಯ ಅಗಲ 4 ಸೆಂಟಿಮೀಟರ್. ಸ್ಕೇಲ್ ಇಟ್ಟು ಅಳೆದಿದ್ದೇನೆ. ಈ ಅಳತೆ ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಇರುವ ಸಣ್ಣ ಸಣ್ಣ ಸಾಮಾನುಗಳ ಫೋಟೊ ತೆಗೆಯಬೇಕು ಅನ್ನುವುದು ಬಹಳ ದಿನದ ಆಸೆ. ಅಮ್ಮನ ಅಡಕತ್ತರಿ, ಕಾಫಿ ಲೋಟ, ಕುಂಕುಮದ ಭರಣಿ, ಒಂದು ಮೊಳ ಮಲ್ಲಿಗೆ. ಆದರೆ ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಇಟ್ಟರೂ ಹಿಂದೆ ಕ್ಯಾಲೆಂಡರ್, ಸ್ವಿಚ್ ಬೋರ್ಡ್, ನೀರಿನ ಕ್ಯಾನ್, ಒಣಗಿಸಿದ ಟವೆಲ್ ಬಂದೇ ಬರುತ್ತವೆ. ಲೋಟ ಕಾಣುವುದಕ್ಕೆ ಮೊದಲು ಕ್ಯಾಲೆಂಡರ್ ಕಾಣುತ್ತದೆ. ಹಿಂದಿನದನ್ನು ಮಸುಕು ಮಾಡುವುದು ಹೇಗೆ ಅಂತ ಸರಿಯಾಗಿ ಕಲಿಯೋಣ, ಕಲಿಯುವ ತನಕ ವಸ್ತು ಬದಲಾಯಿಸುವುದು ಬೇಡ ಅಂದುಕೊಂಡೆ. ಹಾಗೆ ಬುಗುರಿ ಬಂತು. ಅದು ಮೊಳೆಯ ಮೇಲೆ ತಾನಾಗಿ ನಿಲ್ಲುವುದಿಲ್ಲ. ಅಡಿಗೆ ಒಂದು ಚಿಟಿಕೆ ಚಪಾತಿ ಹಿಟ್ಟು ಅಂಟಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಮೊದಲ ವಾರ: ಫೋನು

ಫೋನಿನ ಪೋರ್ಟ್ರೇಟ್ ಮೋಡ್‌ನಿಂದ ಶುರು ಮಾಡಿದೆ. ಮೊದಲ ನೋಟಕ್ಕೆ ಬಹಳ ಚೆನ್ನಾಗಿತ್ತು. ದೊಡ್ಡದು ಮಾಡಿ ನೋಡಿದರೆ ಬುಗುರಿಗೆ ಸುತ್ತಿದ ಚಾಟಿಯ ತುದಿ ಮಾಯ. ದಾರ ಬುಗುರಿಗೆ ಸೇರಿದ್ದೋ ಹಿಂದಿನ ಗೋಡೆಗೆ ಸೇರಿದ್ದೋ ಅಂತ ಫೋನಿಗೆ ತಿಳಿದಿಲ್ಲ, ಅದನ್ನೂ ಅಳಿಸಿಬಿಟ್ಟಿದೆ. ಮಲ್ಲಿಗೆ ಇಟ್ಟಾಗಲೂ ಅಷ್ಟೆ. ಹೂವಿನ ನಡುವೆ ಸಂದಿಯಲ್ಲಿ ಕಾಣುವ ಗೋಡೆ ಹಾಗೇ ಚೂಪಾಗಿ ಉಳಿಯಿತು. ಅಲ್ಲಿ ಲೆನ್ಸ್ ಏನೂ ಮಸುಕು ಮಾಡುತ್ತಿಲ್ಲ. ಯಾವುದು ಹತ್ತಿರ, ಯಾವುದು ದೂರ ಅಂತ ಫೋನು ಅಂದಾಜು ಮಾಡಿ ಆಮೇಲೆ ಬಳಿಯುತ್ತಿದೆ. ಅಂಚು ಸರಳವಾಗಿದ್ದರೆ ಅಂದಾಜು ಸರಿ ಹೋಗುತ್ತದೆ. ದಾರ, ಹೂವು, ಗಾಜಿನ ಲೋಟ ಬಂದರೆ ತಪ್ಪುತ್ತದೆ.

ಪೋರ್ಟ್ರೇಟ್ ಬಿಟ್ಟು ಮಾಮೂಲಿ ಮೋಡ್‌ನಲ್ಲಿ, ಬುಗುರಿಗೆ ತೀರಾ ಹತ್ತಿರ ಹೋಗಿ ತೆಗೆದೆ. ಹಿಂದೆ ಸ್ವಲ್ಪವೇ ಸ್ವಲ್ಪ ಮಸುಕು ಬಂತು. ಕಡಿಮೆ, ಆದರೆ ನಿಜವಾದದ್ದು. ಚಾಟಿಯ ಒಂದೊಂದು ಎಳೆಯೂ ಉಳಿದಿತ್ತು.

ಎರಡನೇ ವಾರ: ಕ್ಯಾನನ್ 1500ಡಿ, 50 ಎಂಎಂ ಲೆನ್ಸ್

ಸ್ನೇಹಿತನ ಕ್ಯಾಮೆರಾ. ಲೆನ್ಸ್ ಎಫ್ 1.8ರದ್ದು (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅಂತ ಹೇಳುವ ಸಂಖ್ಯೆ ಇದು, ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ನಮ್ಮಲ್ಲಿ ಮೊದಲ ಲೆನ್ಸಾಗಿ ತುಂಬಾ ಜನ ಕೊಳ್ಳುವಂಥದ್ದು. ಅರ್ಧ ಮೀಟರ್ ದೂರದಿಂದ ತೆಗೆದ ಮೊದಲ ಫೋಟೊದಲ್ಲಿ ಕ್ಯಾಲೆಂಡರ್ ಕರಗಿ ಬರೀ ಬಣ್ಣ ಆಯಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಬುಗುರಿಯೂ ಅರ್ಧ ಕರಗಿತ್ತು. ಮುಂದಿನ ಕೆಂಪು ಪಟ್ಟೆ ಚೂಪು, ಪಕ್ಕದ ಅಂಚು ಮಸುಕು. ಅಷ್ಟು ಹತ್ತಿರದಲ್ಲಿ ಎಫ್ 1.8ಕ್ಕೆ ಚೂಪಾಗಿ ಉಳಿಯುವ ಆಳ 6–7 ಮಿಲಿಮೀಟರ್ ಮಾತ್ರ. 4 ಸೆಂಟಿಮೀಟರ್ ಬುಗುರಿಗೆ ಅದು ಸಾಲದು. ಎಫ್ 4ಕ್ಕೆ ಇಳಿಸಿದಾಗ ಬುಗುರಿಗೆ ಆಕಾರ ಬಂತು, ಹಿಂದಿನದೂ ಸಾಕಷ್ಟು ಮಸುಕಾಗೇ ಇತ್ತು.

ಫೋನಿಗೂ ಇದಕ್ಕೂ ಇಷ್ಟು ವ್ಯತ್ಯಾಸ ಯಾಕೆ ಅಂತ ಲೆಕ್ಕ ಹಾಕುತ್ತಾ ಕೂತೆ. ಆಗ ಸಿಕ್ಕಿದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ.

ಲೆನ್ಸಿನ ಫೋಕಲ್ ಉದ್ದವನ್ನು, ಅಂದರೆ 50 ಎಂಎಂ ಅಂತ ಲೆನ್ಸಿನ ಮೇಲೆ ಬರೆದಿರುವ ಅಳತೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. 50 ಭಾಗಿಸು 1.8, ಅಂದರೆ ಸುಮಾರು 28 ಮಿಲಿಮೀಟರ್. ನನ್ನ ಫೋನಿನ ಫೋಟೊ ವಿವರದಲ್ಲಿ 5.6 ಎಂಎಂ, ಎಫ್ 1.8 ಅಂತ ಇದೆ. ಅಂದರೆ 3 ಮಿಲಿಮೀಟರ್. ಎರಡೂ ಎಫ್ 1.8. ಒಂದರ ಕಿಂಡಿ ಕಡಲೆಕಾಳಿಗಿಂತ ಸಣ್ಣದು, ಇನ್ನೊಂದರದ್ದು ಹತ್ತು ರೂಪಾಯಿ ನಾಣ್ಯದಷ್ಟು.

ಇನ್ನೂ ಚೆಂದದ ಮಾತು ಏನು ಅಂದರೆ, ತುಂಬಾ ದೂರದ ಒಂದು ದೀಪ ಫೋಟೊದಲ್ಲಿ ಮಸುಕಾಗಿ ಒಂದು ಬಿಲ್ಲೆ ಆಗುತ್ತದಲ್ವಾ, ಆ ಬಿಲ್ಲೆಯನ್ನು ಬುಗುರಿಯ ಪಕ್ಕ ಇಟ್ಟು ಅಳೆದರೆ ಅದು ಕಿಂಡಿಯಷ್ಟೇ ಅಗಲ ಇರುತ್ತದೆ. ಬುಗುರಿ 40 ಮಿಲಿಮೀಟರ್ ಆದರೆ ಬಿಲ್ಲೆ 28. ನಾನು ಹತ್ತಿರ ಹೋದರೂ ದೂರ ಸರಿದರೂ ಬುಗುರಿ ಜೊತೆ ಬಿಲ್ಲೆಯೂ ದೊಡ್ಡದು ಚಿಕ್ಕದು ಆಗುತ್ತದೆಯೇ ಹೊರತು ಇವೆರಡರ ಲೆಕ್ಕ ಬದಲಾಗುವುದಿಲ್ಲ. ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಸಣ್ಣ ಸೆನ್ಸರ್ ಇದ್ದರೆ ಲೆನ್ಸೂ ಸಣ್ಣದು, ಕಿಂಡಿಯೂ ಸಣ್ಣದು. ಫೋನು ಸೋಲುವುದು ಅಲ್ಲಿ.

ಅರಮನೆ ದೀಪ

ಇದು ಗೊತ್ತಾದ ಮೇಲೆ ಭಾನುವಾರ ಸಂಜೆ 7ಕ್ಕೆ ಅರಮನೆ ಮುಂದೆ ನಿಂತೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಬುಗುರಿಯ ಹಿಂದೆ ಲಕ್ಷ ಚಿನ್ನದ ಬಿಲ್ಲೆ ಬರುತ್ತದೆ ಅಂತ ಕಲ್ಪನೆ. ಅಕ್ಕನ ಮಗಳು ಅಂಗೈ ಮೇಲೆ ಬುಗುರಿ ಹಿಡಿದು ನಿಂತಳು.

ಒಂದು ಬಿಲ್ಲೆಯೂ ಬರಲಿಲ್ಲ. ಬಂದದ್ದು ಹಳದಿ ಮಂಜು.

"ಮಾಮ, ದೀಪ ಎಲ್ಲಾ ಸೇರಿಕೊಂಡುಬಿಟ್ಟಿವೆ," ಅಂದಳು. ಸರಿಯಾಗೇ ಹೇಳಿದ್ದಳು. ಅರಮನೆಯ ಬಲ್ಬುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇವೆ. ನೂರಾರು ಅಡಿ ದೂರದಿಂದ ನೋಡಿದಾಗ, ಬುಗುರಿಯ ಅಳತೆಯಲ್ಲಿ, ಎರಡು ಬಲ್ಬುಗಳ ನಡುವಿನ ಜಾಗ ಒಂದೆರಡು ಮಿಲಿಮೀಟರ್ ಇದ್ದೀತು. ಪ್ರತಿ ಬಲ್ಬೂ 28 ಮಿಲಿಮೀಟರ್ ಅಗಲಕ್ಕೆ ಹರಡಿದರೆ ಒಂದರ ಮೇಲೆ ಒಂದು ಬಿದ್ದು ಎಲ್ಲವೂ ಬೆರೆತುಹೋಗುತ್ತದೆ.

ಸುಮ್ನೆ ಎಫ್ 8ಕ್ಕೆ ತಿರುಗಿಸಿದೆ. ಕಿಂಡಿ 6 ಮಿಲಿಮೀಟರ್. ಮಂಜು ಸರಿದು ಗುಮ್ಮಟಗಳ ಅಂಚು ಕಾಣಿಸಿತು. ದಪ್ಪ ಬೆರಳಿನಿಂದ ಎಳೆದ ರಂಗೋಲಿ ಗೆರೆಯ ಹಾಗೆ, ಚಿನ್ನದ ಬಣ್ಣದಲ್ಲಿ. ಅಂಗೈ, ಬುಗುರಿ, ಹಿಂದೆ ಮೆತ್ತಗಿನ ಅರಮನೆ. ಈ ಮೂರು ತಿಂಗಳಲ್ಲಿ ಫ್ರೇಮ್ ಹಾಕಿಸಿದ ಒಂದೇ ಫೋಟೊ ಅದು. ಅಲ್ಲಿಂದ ಮುಂದೆ ಕಿಂಡಿ ಪೂರ್ತಿ ತೆರೆದು ತೆಗೆಯುವ ಚಟ ಬಿಟ್ಟೆ. ಹಿಂದೆ ಏನಿದೆ ಅಂತ ಅರ್ಧ ಗೊತ್ತಾಗುವ ಮಸುಕು ನನಗೆ ಜಾಸ್ತಿ ಹಿಡಿಸುತ್ತದೆ.

ತಾರಸಿ ಮೇಲೆ ಸೀರಿಯಲ್ ಸೆಟ್

ಬಿಲ್ಲೆ ಬೇಕೇ ಬೇಕು ಅನಿಸಿದ್ದರಿಂದ ದೀಪಾವಳಿಯ ಸೀರಿಯಲ್ ಸೆಟ್ ತೆಗೆದು ತಾರಸಿಯ ಬಟ್ಟೆ ಹಗ್ಗಕ್ಕೆ ಕಟ್ಟಿದೆ. ಬಲ್ಬುಗಳು ಹತ್ತಿರ ಇದ್ದವು. ಒಂದು ಬಿಟ್ಟು ಒಂದಕ್ಕೆ ಕಪ್ಪು ಟೇಪ್ ಸುತ್ತಿದೆ. ಆಗ ಬಂತು, ದುಂಡಗಿನ ಬಿಡಿ ಬಿಡಿ ಬಿಲ್ಲೆ. ಫೋಟೊದ ಮೂಲೆಯಲ್ಲಿದ್ದವು ಮಾತ್ರ ನಿಂಬೆಹಣ್ಣಿನ ಹಾಗೆ ಉದ್ದ ಆಗಿದ್ದವು. ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಕೊಳವೆಯ ಅಂಚು ಅಡ್ಡ ಬರುತ್ತದೆ, ಅದಕ್ಕೆ. ಎಫ್ 2.8ಕ್ಕೆ ಇಳಿಸಿದರೆ ಅದು ತುಂಬಾ ಕಡಿಮೆಯಾಗುತ್ತದೆ.

ಬಿಲ್ಲೆ ಅಂದರೆ ಕಿಂಡಿಯದೇ ಆಕಾರ ಅನ್ನುವುದನ್ನು ಕಣ್ಣಾರೆ ನೋಡಬೇಕಿತ್ತು. ಕಪ್ಪು ಡ್ರಾಯಿಂಗ್ ಹಾಳೆಯಲ್ಲಿ ಅಕ್ಕನ ಮಗಳು ಮಾವಿನಕಾಯಿ ಆಕಾರದ ತೂತು ಕತ್ತರಿಸಿ ಕೊಟ್ಟಳು. ಲೆನ್ಸ್ ಮುಂದೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆವು. ದೀಪಗಳೆಲ್ಲ ಮಾವಿನಕಾಯಿ! ಬುಗುರಿಯ ಮುಂದೆ, ಕ್ಯಾಮೆರಾ ಕಡೆಗೆ ಒಂದು ಬಲ್ಬು ಇಳಿಬಿಟ್ಟಾಗ ಆ ಒಂದು ಮಾವಿನಕಾಯಿ ಮಾತ್ರ ತಲೆಕೆಳಗಾಯಿತು. ಹಿಂದಿನ ದೀಪದ ಬೆಳಕು ಸೆನ್ಸರ್ ಮುಟ್ಟುವ ಮೊದಲೇ ಒಂದು ಕಡೆ ಸೇರಿ ಮತ್ತೆ ಹರಡುತ್ತದೆ. ಮುಂದಿನ ದೀಪದ ಬೆಳಕು ಸೇರುವ ಮೊದಲೇ ಸೆನ್ಸರ್ ಸಿಕ್ಕಿಬಿಡುತ್ತದೆ. ಆ ಸಂಜೆ ನಾವಿಬ್ಬರೂ ಊಟಕ್ಕೆ ಇಳಿದಾಗ ಒಂಬತ್ತೂವರೆ.

ಅದೇ ತಾರಸಿಯಲ್ಲಿ ಇನ್ನೊಂದು ಕೆಲಸವೂ ಆಯಿತು. ಬುಗುರಿಯಿಂದ ಅರ್ಧ ಮೀಟರ್ ದೂರ ಕ್ಯಾಮೆರಾ. ದೀಪವನ್ನು ಕ್ಯಾಮೆರಾದಿಂದ 1 ಮೀಟರಿಗೆ ಇಟ್ಟರೆ ಬಿಲ್ಲೆ ಪೂರ್ತಿ ಅಳತೆಯ ಅರ್ಧ. 2 ಮೀಟರಿಗೆ ಮುಕ್ಕಾಲು. 5 ಮೀಟರಿಗೆ ಹತ್ತರಲ್ಲಿ ಒಂಬತ್ತು ಪಾಲು. ಆಮೇಲೆ ಚಾಮುಂಡಿ ಬೆಟ್ಟದಷ್ಟು ದೂರ ಇಟ್ಟರೂ ಹೆಚ್ಚುವುದು ಆ ಉಳಿದ ಒಂದು ಪಾಲು ಮಾತ್ರ. ಅಂದರೆ ಗೋಡೆಗೆ ಅಂಟಿಸಿದ ಮೇಜನ್ನು ಎರಡು ಹೆಜ್ಜೆ ಮುಂದೆ ಎಳೆದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಹಜಾರದಿಂದ ಹಿತ್ತಲ ಬಾಗಿಲಿಗೆ 6 ಮೀಟರ್. ಈಗ ನನ್ನ ಸ್ಟುಡಿಯೊ ಅದೇ.

ಕುಕ್ಕರಹಳ್ಳಿ ಕೆರೆ: ನಿಕಾನ್ ಪಿ900

ಹಕ್ಕಿ ನೋಡುವ ಗೆಳೆಯರೊಬ್ಬರ ಕ್ಯಾಮೆರಾ. ಸೆನ್ಸರ್ ಬಹಳ ಸಣ್ಣದು, ಹೆಚ್ಚು ಕಡಿಮೆ ಫೋನಿನದ್ದೇ ಜಾತಿ. ಇದರಲ್ಲಿ ಮಸುಕು ಬರಲ್ಲ ಅಂತ ಅವರೇ ಹೇಳಿದರು. ನಾನು ಲೆಕ್ಕ ಮಾಡಿ ಹೋಗಿದ್ದೆ. ಪೂರ್ತಿ ಜೂಮ್‌ನಲ್ಲಿ ಇದರ ಫೋಕಲ್ ಉದ್ದ 357 ಎಂಎಂ, ಎಫ್ 6.5. ಭಾಗಿಸಿದರೆ 55 ಮಿಲಿಮೀಟರ್! 50 ಎಂಎಂ ಲೆನ್ಸಿನ ಎರಡರಷ್ಟು.

ಬೆಳಿಗ್ಗೆ ಏಳೂವರೆಗೆ ಕೆರೆ ಏರಿಯ ಕಲ್ಲು ಬೆಂಚಿನ ಮೇಲೆ ಬುಗುರಿ ಇಟ್ಟು, ಫೋಕಸ್ ಸಿಗುವ ತನಕ ಹಿಂದೆ ಸರಿದೆವು. ಐದು ಮೀಟರಿಗೂ ಸ್ವಲ್ಪ ಜಾಸ್ತಿಯೇ ಬೇಕಾಯಿತು. ವಾಕಿಂಗ್ ಬಂದವರು ನಡುವೆ ಹಾದು ಹೋಗುತ್ತಿದ್ದರು, ನಾವು ಕಾಯುತ್ತಿದ್ದೆವು. ಪೂರ್ತಿ ಜೂಮ್‌ನಲ್ಲಿ ಹಿಂದಿನ ನೀರು ಒಂದೇ ಬೆಳ್ಳಿ ಬಣ್ಣದ ಪರದೆಯಾಯಿತು. ಕೆರೆ ಅಂತ ಗುರುತೇ ಇಲ್ಲ. ಜೂಮ್ ಕಾಲು ಭಾಗಕ್ಕೆ ಇಳಿಸಿ ಹತ್ತಿರ ಬಂದಾಗ ನೀರಿನ ಮೇಲಿನ ಬಿಸಿಲ ಮಿಂಚುಗಳು ಒಂದೊಂದೇ ಬಿಲ್ಲೆಯಾಗಿ ಎದ್ದವು. ಗೆಳೆಯರು ಪರದೆ ನೋಡಿ ಏನೂ ಹೇಳಲಿಲ್ಲ. ಬುಗುರಿಯನ್ನು ತಾವೇ ಎತ್ತಿಕೊಂಡು ಮುಂದಿನ ಬೆಂಚಿಗೆ ಹೊರಟರು.

ಫಿಲ್ಮು

ಚಿಕ್ಕಪ್ಪನ ಯಾಶಿಕಾ ಎಲೆಕ್ಟ್ರೊ 35. ಲೆನ್ಸ್ 45 ಎಂಎಂ, ಎಫ್ 1.7, ಅಂದರೆ ಕಿಂಡಿ 26 ಮಿಲಿಮೀಟರ್. ಅದು ಬೇಡುವ ಹಳೆಯ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಅಡಾಪ್ಟರಿನಲ್ಲಿ 6 ವೋಲ್ಟ್ ಬ್ಯಾಟರಿ ಹಾಕಿದೆ, ನಡೆಯಿತು. 80 ಸೆಂಟಿಮೀಟರಿಗಿಂತ ಹತ್ತಿರ ಇದು ಫೋಕಸ್ ಆಗುವುದಿಲ್ಲ, ಹಾಗಾಗಿ ಬುಗುರಿ ಫೋಟೊದಲ್ಲಿ ಸಣ್ಣದಾಗಿಯೇ ಇರುತ್ತದೆ. ಕಣ್ಣಿಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮಸುಕು ಎಷ್ಟು ಬಂತು ಅಂತ ಆಗಲೇ ಕಾಣುವುದಿಲ್ಲ. ಲೆಕ್ಕ ನಂಬಿ ಒತ್ತಬೇಕು.

36ರಲ್ಲಿ 11 ಮಾತ್ರ ಸರಿ ಬಂದವು. ಫೋಕಸ್ ಮಾಡಿದ ಮೇಲೆ ಉಸಿರು ಬಿಡುವಾಗ ಮೈ ಸ್ವಲ್ಪ ಮುಂದೆ ಬಾಗುತ್ತದೆ. ಅಲ್ಲಿ ಇರುವ ಆಳವೇ 3 ಸೆಂಟಿಮೀಟರ್. ಈಗ ಮೊಣಕೈ ಮೇಜಿಗೆ ಊರಿ ಕೂರುತ್ತೇನೆ. ಸರಿ ಬಂದ ಒಂದು ಪ್ರಿಂಟಿನಲ್ಲಿ ಹಿತ್ತಲ ಬಾಗಿಲಿನ ದೀಪದ ಬಿಲ್ಲೆಯನ್ನು ಸ್ಕೇಲಿನಿಂದ ಅಳೆದು ಬುಗುರಿಗೆ ಹೋಲಿಸಿದೆ. 40ಕ್ಕೆ 23. ಬಾಗಿಲು 6 ಮೀಟರ್ ದೂರ ಇರುವುದರಿಂದ ಅಷ್ಟೇ ಬರಬೇಕಿತ್ತು. ಕಾಗದದ ಮೇಲೆ ಲೆಕ್ಕ ಕೂಡಿ ಬಂದಾಗ ಆಗುವ ಸಮಾಧಾನವೇ ಬೇರೆ.

ಈಗ ಎಲ್ಲಿಗೆ ಬಂದಿದೆ

ಐದನೆಯದು ಅಪ್ಪನ ಅಗ್ಫಾ ಕ್ಲಿಕ್ 3. 120 ಅನ್ನುವ ಬಗೆಯ ಫಿಲ್ಮಿನ ಒಂದು ಸುರುಳಿಯಲ್ಲಿ 12 ಫೋಟೊ. ಇದರಲ್ಲಿ ಫೋಕಸ್ ತಿರುಗಿಸುವ ಹಾಗೇ ಇಲ್ಲ. ದೂರದ್ದು ಸ್ಪಷ್ಟ, ಹತ್ತಿರದ ಬುಗುರಿಯೇ ಮಸುಕು. ನಮಗೆ ಬೇಕಾದದ್ದರ ತಿರುಗುಮುರುಗು. ಅದಕ್ಕೆ ಅಮ್ಮನ ಪ್ಲಸ್ 2 ಓದುವ ಕನ್ನಡಕದ ಒಂದು ಗಾಜನ್ನು ಲೆನ್ಸ್ ಮುಂದೆ ಟೇಪ್ ಹಾಕಿ ಅಂಟಿಸಿದ್ದೇನೆ. ಲೆಕ್ಕದ ಪ್ರಕಾರ 45 ಸೆಂಟಿಮೀಟರ್ ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಸುಕಾಗಿ ಬರಬೇಕು. ಕ್ಯಾಮೆರಾಕ್ಕೆ ಒಂದು ದಾರ ಕಟ್ಟಿ, 45ಕ್ಕೆ ಗಂಟು ಹಾಕಿ, ಗಂಟನ್ನು ಬುಗುರಿಗೆ ಮುಟ್ಟಿಸಿ ತೆಗೆಯುತ್ತಿದ್ದೇನೆ.

ಒಂಬತ್ತು ಆಗಿವೆ. ಉಳಿದ ಮೂರನ್ನು ಬುಗುರಿಗೆ ಖರ್ಚು ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕಟ್ಟುವವರ ಹತ್ತಿರ ಕೇಳಿದ್ದೇನೆ, ಒಂದು ಮೊಳ ಮಲ್ಲಿಗೆ ಹಲಗೆಯ ಅಂಚಿನಲ್ಲಿ ಇಟ್ಟುಕೊಡುತ್ತಾರಂತೆ. ಹಿಂದೆ ಇಡೀ ಸಾಲು ಇರುತ್ತದೆ, ಕುಂಕುಮದ ರಾಶಿ, ಬಾಳೆಗೊನೆ, ಜನ. ಕನ್ನಡಕದ ಇನ್ನೊಂದು ಗಾಜು ಅಮ್ಮನ ಹತ್ತಿರವೇ ಇದೆ. ಸೋಮವಾರದ ಒಳಗೆ ಇದನ್ನು ವಾಪಸ್ ಕೂರಿಸಿ ಕೊಡಬೇಕು.