ಹೆಬ್ಬಾಳದ ಆಫೀಸ್ ಕಟ್ಟಡ: ಲೋಡ್ 110 ಟನ್‌ನಿಂದ 85ಕ್ಕೆ ಇಳಿಯಿತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಏಳುತ್ತಿರುವ ಕಟ್ಟಡದ ಕೂಲಿಂಗ್ ಲೆಕ್ಕ ಈ ವಾರ ಒಂದು ಹದಕ್ಕೆ ಬಂತು. ಮೊದಲು 110 ಟನ್ ಇದ್ದದ್ದು ಈಗ 85 ಟನ್. (ಇಲ್ಲಿ ಟನ್ ಅಂದರೆ ತೂಕವಲ್ಲ, ತಂಪು ಮಾಡುವ ಸಾಮರ್ಥ್ಯದ ಅಳತೆ.) ಚಿಲ್ಲರ್, ಅಂದರೆ ಎಸಿಗೆ ಬೇಕಾದ ನೀರನ್ನು ತಣ್ಣಗೆ ಮಾಡುವ ಯಂತ್ರ, ಆರಿಸುವ ಮೊದಲೇ ಇಷ್ಟು ಇಳಿಯಿತು ಅನ್ನೋದೇ ನನಗೆ ಖುಷಿ.

ಕಟ್ಟಡದ ವಿದ್ಯುತ್ ಲೋಡ್ 100 ಕಿಲೋವ್ಯಾಟ್ ದಾಟುವುದರಿಂದ ಇಸಿಬಿಸಿ 2017, ಅಂದರೆ ದೊಡ್ಡ ಕಟ್ಟಡಗಳಲ್ಲಿ ವಿದ್ಯುತ್ ಉಳಿಸುವ ಸಂಹಿತೆಯನ್ನು, ಅನುಸರಿಸಿದ್ದೇವೆ. ಮೂಲ ನಕ್ಷೆಯಲ್ಲಿ ಪಶ್ಚಿಮದ ಮುಖವೆಲ್ಲ ಗಾಜು. ಸಂಜೆ ಬಿಸಿಲು ತಗ್ಗಿ ಓರೆಯಾಗಿ ಒಳಗೆ ಬರುತ್ತದೆ, ಅದಕ್ಕೆ ಸಜ್ಜಾ ಒಂದೇ ಸಾಲದು. ಆರ್ಕಿಟೆಕ್ಟ್ ಜೊತೆ ಕೂತು ಗಾಜು ಕಡಿಮೆ ಮಾಡಿಸಿದೆ, ಉಳಿದ ಕಿಟಕಿಗಳಿಗೆ ನಿಲುವು ಪಟ್ಟಿಗಳನ್ನು ಹಾಕಿಸಿದೆ. ತಾರಸಿಗೆ ಇನ್ಸುಲೇಷನ್ ಬಂತು. ದೀಪಗಳೆಲ್ಲ ಎಲ್‌ಇಡಿ.

ಮಾಲೀಕರು ಮಾತ್ರ "ಸ್ವಲ್ಪ ಜಾಸ್ತಿನೇ ಇರಲಿ ಬಿಡಿ, ಬೇಸಿಗೇಲಿ ಬೇಕಾಗುತ್ತೆ" ಅಂದರು. ಅವರಿಗೆ ಐಪಿಎಲ್‌ವಿ ಲೆಕ್ಕ ತೋರಿಸಿದೆ. ಬೇರೆ ಬೇರೆ ಲೋಡ್‌ನಲ್ಲಿ ಚಿಲ್ಲರ್ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಅಳೆಯುವ ಸಂಖ್ಯೆ ಅದು. ಅದರಲ್ಲಿ ಪೂರ್ತಿ ಲೋಡ್‌ಗೆ ಸಿಗುವ ತೂಕ ಬರೀ 1%. ಮುಕ್ಕಾಲು ಲೋಡ್‌ಗೆ 42%, ಅರ್ಧಕ್ಕೆ 45%, ಕಾಲು ಲೋಡ್‌ಗೆ 12%. ಮೈಸೂರಿನಂಥ ಊರಲ್ಲಿ ಇದು ಇನ್ನೂ ಮುಖ್ಯ. ಏಪ್ರಿಲ್ ಮಧ್ಯಾಹ್ನಗಳನ್ನು ಬಿಟ್ಟರೆ ಮಷೀನು ಪೂರ್ತಿ ದುಡಿಯುವುದೇ ಅಪರೂಪ ಅಲ್ವಾ? ಅದಕ್ಕೇ ಒಂದು ದೊಡ್ಡದರ ಬದಲು 45 ಟನ್‌ನ ಎರಡು ಚಿಲ್ಲರ್. ಡಿಸೆಂಬರ್‌ನಲ್ಲಿ ಒಂದೇ ಸಾಕು.

ಚಿಲ್ಲರ್‌ನ ಬಿಸಿಯನ್ನು ಗಾಳಿಯಿಂದ ತಣಿಸುವುದೋ, ನೀರಿನಿಂದಲೋ ಅನ್ನುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. 45 ಟನ್ ಅಂದರೆ ಸುಮಾರು 158 ಕಿಲೋವ್ಯಾಟ್ ತಂಪು. ಈ ಅಳತೆಗೆ ಇಸಿಬಿಸಿ 2017 ಕೇಳುವ ಕನಿಷ್ಠ ಸಿಒಪಿ (ಒಂದು ಕಿಲೋವ್ಯಾಟ್ ಕರೆಂಟಿಗೆ ಎಷ್ಟು ಕಿಲೋವ್ಯಾಟ್ ತಂಪು ಸಿಗುತ್ತದೆ ಎಂಬ ಲೆಕ್ಕ) ಗಾಳಿಯ ಚಿಲ್ಲರ್‌ಗೆ 2.8, ನೀರಿನದಕ್ಕೆ 4.7. ಪೂರ್ತಿ ಲೋಡ್‌ನಲ್ಲಿ ಒಂದು 56 ಕಿಲೋವ್ಯಾಟ್ ಕರೆಂಟು ಎಳೆದರೆ ಇನ್ನೊಂದಕ್ಕೆ 34 ಸಾಕು. ನೀರಿನದಕ್ಕೆ ಬೇಕಾದ ಕೂಲಿಂಗ್ ಟವರ್‌ನ (ಬಿಸಿಯಾದ ನೀರನ್ನು ಗಾಳಿಗೆ ಒಡ್ಡಿ ಆರಿಸುವ ಗೋಪುರದ) ಫ್ಯಾನು, ಪಂಪು ಸ್ವಲ್ಪ ಕರೆಂಟು ತಿನ್ನುತ್ತವೆ, ಆದರೂ ನೀರಿನದೇ ಗೆಲ್ಲುತ್ತದೆ. ಆದರೆ ಕೂಲಿಂಗ್ ಟವರ್‌ನಲ್ಲಿ ನೀರು ದಿನವೂ ಆವಿಯಾಗುತ್ತದೆ. ಕುಡಿಯುವ ಕಾವೇರಿ ನೀರನ್ನು ಅದಕ್ಕೆ ಸುರಿಯಲು ನನಗೆ ಮನಸ್ಸಿಲ್ಲ. ಬೋರ್‌ವೆಲ್ ನೀರು ಗಡಸು, ಚಿಲ್ಲರ್ ಬಿಸಿ ಹೊರಹಾಕುವ ಕಂಡೆನ್ಸರ್‌ನ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಸಿಒಪಿ ಕುಸಿಯುತ್ತದೆ. ಕಟ್ಟಡದ್ದೇ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ) ಶುದ್ಧವಾದ ನೀರನ್ನು, ಗಡಸುತನ ತೆಗೆಯುವ ಸಾಫ್ಟ್‌ನರ್ ದಾಟಿಸಿ ಕೊಡೋಣ ಎಂದು ತೀರ್ಮಾನಿಸಿದೆವು.

ಪಂಪುಗಳಿಗೆ, ಎಎಚ್‌ಯು (ತಂಪು ಗಾಳಿಯನ್ನು ಕೋಣೆಗಳಿಗೆ ತಳ್ಳುವ ಘಟಕ) ಫ್ಯಾನುಗಳಿಗೆಲ್ಲ ವಿಎಫ್‌ಡಿ, ಅಂದರೆ ಬೇಕಾದಂತೆ ಮೋಟಾರಿನ ವೇಗ ಬದಲಿಸುವ ಸಾಧನ. ಫ್ಯಾನಿನ ವೇಗ 80%ಗೆ ಇಳಿದರೆ ಅದಕ್ಕೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇಷ್ಟು ಸುಲಭದ ಉಳಿತಾಯವನ್ನು ಯಾರೂ ಬಿಡಬಾರದು. ಥರ್ಮೋಸ್ಟಾಟ್ 24 ಡಿಗ್ರಿ.

ಸದ್ಯ ಡಕ್ಟ್, ಅಂದರೆ ತಂಪು ಗಾಳಿ ಒಯ್ಯುವ ಕೊಳವೆಗಳ, ನಕ್ಷೆ ನಡೆಯುತ್ತಿದೆ. ಟೆಂಡರ್‌ನಲ್ಲಿ ಸೋರಿಕೆ ಪರೀಕ್ಷೆಯನ್ನು ಕಡ್ಡಾಯ ಮಾಡಿ ಬರೆದಿದ್ದೇನೆ. ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಸೋರುವ ಜಾಗ ಹುಡುಕೋದು ಬಲು ಕಷ್ಟ. ಮುಂದಿನ ವಾರ ಚಿಲ್ಲರ್ ಕಂಪನಿಗಳಿಂದ ಕಾಲು, ಅರ್ಧ, ಮುಕ್ಕಾಲು ಲೋಡ್‌ನ ಅಂಕಿಗಳನ್ನು ಕೇಳಬೇಕು.