ಇದು ಎತ್ತು ಉತ್ತ ಗದ್ದೆಯ ಭತ್ತವೇ?

ಮಂಗಳೂರು ಕಡೆಯ ಕಿನ್ನಿಗೋಳಿಯ ಹತ್ತಿರದ ನಮ್ಮ ಮನೆಯಲ್ಲಿ ಸೆಪ್ಟೆಂಬರ್ 8ರ ಹಬ್ಬದ ಮಧ್ಯಾಹ್ನ ಅಜ್ಜಿ ಮೊದಲು ತಲೆ ಎಣಿಸುತ್ತಿದ್ದಳು. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿದರೆ ಅದು ‘ನೊವೆಂ’. ಸೂರಿನಡಿ ಇದ್ದವರಲ್ಲಿ ಒಬ್ಬರಿಗೂ ಅದು ತಪ್ಪಬಾರದು. ಗದ್ದೆ ಕೆಲಸಕ್ಕೆ ಬಂದವರಿಗೆ ಒಂದು ಚಮಚ, ತೊಟ್ಟಿಲ ಕೂಸಿನ ನಾಲಗೆಗೆ ಒಂದು ತೊಟ್ಟು. ಕುವೈತಿನಲ್ಲಿದ್ದ ಮಾವನಿಗೆ ಒಣಗಿದ ನಾಲ್ಕು ಕಾಳು ಅಂಚೆ ಲಕೋಟೆಯಲ್ಲಿ ಹೋಗುತ್ತಿತ್ತು.

ಮದುವೆಯಾಗಿ ಮುಂಬಯಿಗೆ ತಾಗಿದ ಮೀರಾ ರೋಡಿಗೆ ಬಂದ ಮೇಲೆ ನನಗೆ ಎದುರಾದದ್ದು ಈ ಲೆಕ್ಕದ ಸಮಸ್ಯೆಯೇ. ಮನೆಯೊಳಗೆ ನಾವು ಮೂವರು. ಆದರೆ ಸೂರು ಎಂದರೆ ಎಲ್ಲಿಯವರೆಗೆ? ನಮ್ಮ ಮಹಡಿಯಲ್ಲಿ ನಾಲ್ಕು ಬಾಗಿಲು. ಮಲಗುವ ಹೊತ್ತು ಬಿಟ್ಟರೆ ನಾಲ್ಕೂ ತೆರೆದೇ ಇರುತ್ತವೆ. ಹೀಗಾಗಿ ನಾನು ಇಡೀ ಮಹಡಿಯನ್ನೇ ಎಣಿಸುತ್ತೇನೆ: ಹದಿನಾಲ್ಕು ತಲೆ.

ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಕೂಡಿದ ಈ ದಿನಕ್ಕೆ ಕರಾವಳಿಯಲ್ಲಿ ಮೊಂತಿ ಫೆಸ್ತ್ ಎಂಬ ಹೆಸರು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಇಗರ್ಜಿಯಿಂದ ಆ ಹೆಸರು ಬಂತು. 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಅಲ್ಲಿ ಇದನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ. ತೆನೆ ಮನೆ ತುಂಬಿಸಿಕೊಂಡು ಹೊಸ ಅಕ್ಕಿ ಉಣ್ಣುವ ಪದ್ಧತಿ ತುಳುನಾಡಿನ ಎಲ್ಲ ಗದ್ದೆಯವರದ್ದು. ನಮ್ಮ ಪೂರ್ವಿಕರು ಧರ್ಮ ಬದಲಿಸಿದರೇ ಹೊರತು ಹಸಿವನ್ನೇನೂ ಬದಲಿಸಲಿಲ್ಲವಲ್ಲ. ಅಂದು ಮೀನು, ಮಾಂಸ ಇಲ್ಲ. ಪಲ್ಯ, ಸಾರು ಎಲ್ಲ ಸೇರಿ ಬೆಸ ಸಂಖ್ಯೆಯಲ್ಲಿರಬೇಕು: ಐದು, ಏಳು, ಕೈಲಾದರೆ ಒಂಬತ್ತು. ನನ್ನ ಗಂಡ ಬಾಳೆಲೆಯನ್ನು ಎರಡು ಸಲ ಕಣ್ಣಲ್ಲೇ ಗುಡಿಸಿ, ಬಂಗುಡೆ ಸಿಗದೆ ನಿಟ್ಟುಸಿರು ಬಿಡುವುದೂ ವರ್ಷವರ್ಷದ ಪದ್ಧತಿಯೇ.

2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ರ ಶನಿವಾರ ಬಂತು, ಮರುದಿನ ನಮ್ಮ ಹಬ್ಬ. ಹೂವಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಊರಿನಲ್ಲಾದರೆ ಹಬ್ಬಕ್ಕೆ ಮುಂಚಿನ ಪ್ರಾರ್ಥನೆಯಾದ ನೊವೆನಾದ ಒಂಬತ್ತು ದಿನವೂ ಮಕ್ಕಳು ಬೇಲಿ, ಗುಡ್ಡ ಅಲೆದು ಕೇಪಳ, ಕಾಡುಹೂ ಎಲ್ಲ ತಟ್ಟೆ ತುಂಬ ತಂದು ಮಾತೆಗೆ ಎರಚುತ್ತಾರೆ. ಇಲ್ಲಿ ನನ್ನ ಮಗಳಿಗೆ ಸಿಗುವ ಬೇಲಿಯೆಂದರೆ ಎದುರುಮನೆಯ ಮರಾಠಿ ಕಾಕುವಿನ (ಚಿಕ್ಕಮ್ಮನ) ಮೂರು ಕುಂಡ. ಶನಿವಾರ ಬೆಳಿಗ್ಗೆ ದಾಸವಾಳದ ಗಿಡದಲ್ಲಿ ಬಿಟ್ಟಿದ್ದದ್ದು ಎರಡೇ ಹೂ. ಕೆಂಪು ದಾಸವಾಳ ಗಣಪತಿಗೆ ಎಷ್ಟು ಪ್ರಿಯವೆಂದು ನನಗೂ ಗೊತ್ತು. ಕಾಕು ಎರಡನ್ನೂ ಕಿತ್ತು, ಒಂದನ್ನು ತಮ್ಮ ಪೂಜೆಯ ತಟ್ಟೆಗೆ ಹಾಕಿ, ಇನ್ನೊಂದನ್ನು ಮಗಳ ತಟ್ಟೆಗೆ ಹಾಕಿದರು. ಮಾತೇನೂ ಆಡಲಿಲ್ಲ, ಮಗಳ ಚಪ್ಪಲಿಯ ದೂಳಿಗೆ ಮಾತ್ರ ಬೈದರು.

ಭಾನುವಾರ ಪೂಜೆ ಮುಗಿಸಿ, ನಮ್ಮ ಇಗರ್ಜಿಯ ಕೊಂಕಣಿ ಬಳಗ ಬಸ್ಸಿನಲ್ಲಿ ಊರಿನಿಂದ ತರಿಸಿದ್ದ ತೆನೆ ಹಿಡಿದು ಬಂದೆ. ನೋಡಿದರೆ ಕಾಕು ಬಾಗಿಲಲ್ಲೇ ಕುಳಿತು, ಕೈಗೆ ಹುಣಿಸೆಹಣ್ಣು ಸವರಿಕೊಂಡು ಕೆಸುವಿನ ದಂಟಿನ ನಾರು ಬಿಡಿಸುತ್ತಿದ್ದಾರೆ. ನನ್ನ ಚೀಲದಲ್ಲೂ ಕೆಸುವಿನ ದಂಟೇ, ಅಮಟೆಕಾಯಿ ಹಾಕಿ ಮಾಡಲು. ಅವರ ಮರಾಠಿಯಲ್ಲಿ ‘ಅಳೂ’, ನಮ್ಮ ಕೊಂಕಣಿಯಲ್ಲಿ ‘ಆಳುಂ’. ನಾನೂ ಈಳಿಗೆ ತಂದು ಅವರ ಹೊಸ್ತಿಲಿನ ಈಚೆ ಕುಳಿತೆ. ಇಬ್ಬರ ದಂಟೂ ಒಂದೇ ಪಾತ್ರೆಯ ನೀರಿಗೆ ಬಿತ್ತು. ಆಮೇಲೆ ಕಣ್ಣಂದಾಜಿನಲ್ಲಿ ಪಾಲು ಮಾಡಿಕೊಂಡೆವು. ಒಳಗೆ ಒಂದೂವರೆ ದಿನದ ಗಣಪತಿ; ಸಂಜೆ ಹೊರಡುವವನು.

ಆ ದಿನ ಋಷಿ ಪಂಚಮಿ ಎಂಬುದು ನನಗೆ ಹೊಳೆದದ್ದು ನೊವೆಂ ಬಟ್ಟಲು ಹಿಡಿದು ಅವರ ಮುಂದೆ ನಿಂತಾಗ. ಕಾಕು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಬಾಯಿಗಿಡಲಿಲ್ಲ. ಆ ವ್ರತದಲ್ಲಿ ಎತ್ತು ದುಡಿದು ಬೆಳೆದದ್ದನ್ನು ತಿನ್ನುವಂತಿಲ್ಲ. ಅದಕ್ಕೇ ಆ ಗೆಡ್ಡೆ, ದಂಟು, ಸೊಪ್ಪಿನ ಪಲ್ಯ; ಅನ್ನದ ಜಾಗದಲ್ಲಿ ಕಿರುಧಾನ್ಯವಾದ ವರಿ ಅಕ್ಕಿ.

‘ಇದು ಎತ್ತು ಉತ್ತ ಗದ್ದೆಯ ಭತ್ತವೇ?’ ಎಂದರು.

‘ನಮ್ಮೂರಲ್ಲಿ ಈಗ ಎತ್ತೆಲ್ಲಿದೆ ಕಾಕು, ಎಲ್ಲ ಟಿಲ್ಲರ್’ ಎಂದೆ.

ಅವರು ನಗುತ್ತಾ ಗಂಡನನ್ನು ಕೂಗಿ ಕೇಳಿದರು. ಟಿಲ್ಲರ್ ನಡೆಯುತ್ತದೆ ಎಂದರು ಕಾಕಾ. ಸೊಸೆ ಬೇಡವೆಂದಳು. ಮೂರನೆಯ ಮನೆಯ ಜೈನ ಅಜ್ಜಿ ಹೊರಬಂದು, ಸಂದೇಹವಿದ್ದರೆ ಬಿಡುವುದೇ ಲೇಸು ಎಂದು ತೀರ್ಪು ಕೊಟ್ಟರು. ಜೈನರ ವ್ರತದ ದಿನಗಳಾದ ಪರ್ಯೂಷಣ ಮುಗಿಯುತ್ತಿದ್ದ ವಾರ, ಅವರ ಮಾತಿಗೆ ತೂಕ ಹೆಚ್ಚು. ನೆರೆಯವರನ್ನು ಪ್ರೀತಿಸು ಎಂದು ನಲವತ್ತು ವರ್ಷದಿಂದ ಪ್ರವಚನ ಕೇಳಿದ್ದೇನೆ. ನೆರೆಯವರು ಚಮಚ ಬೇಡವೆಂದರೆ ಏನು ಮಾಡಬೇಕೆಂದು ಯಾವ ಪಾದ್ರಿಯೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಮುಖ ಸಣ್ಣದಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹದಿಮೂರು ತಲೆಗೆ ಲೆಕ್ಕ ನಿಲ್ಲಿಸಿದೆವೆಂದರೆ ಅಜ್ಜಿ ಊಟಕ್ಕೇ ಕೂರುತ್ತಿರಲಿಲ್ಲ.

ಕಾಕು ಬಟ್ಟಲಿಗೆ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರು.

ಸೋಮವಾರ ಬೆಳಿಗ್ಗೆ ಏಳಕ್ಕೇ ಕರೆಗಂಟೆ. ಸ್ನಾನ ಮಾಡಿದ ಒದ್ದೆ ಕೂದಲಿನಲ್ಲಿ ಕಾಕು ಅದೇ ಬಟ್ಟಲು ಹಿಡಿದು ಬಂದಿದ್ದರು. ನನ್ನ ಕಣ್ಣೆದುರೇ ತಿನ್ನಬೇಕೆಂದು ಕಾದಿದ್ದರಂತೆ. ನಿಂತಲ್ಲೇ ತಿಂದು, ಬೆಲ್ಲ ಕಡಿಮೆಯಾಯಿತು ಎಂದರು. ಆಮೇಲೆ ನನ್ನ ಮೇಜಿನತ್ತ ನೋಡಿದರು. ಅಲ್ಲಿ ದುಬೈಯಲ್ಲಿರುವ ತಮ್ಮನಿಗೆಂದು ಕಾಳು ತುಂಬಿದ ಲಕೋಟೆ ಇತ್ತು.

‘ನನ್ನ ಮಗ ಪುಣೆಯಲ್ಲಿದ್ದಾನಲ್ಲ, ಅವನಿಗೂ ನಾಲ್ಕು ಕಾಳು ಹಾಕಿಕೊಡು’ ಎಂದರು.