ಅಲ್ಯೂಮಿನಿಯಂ ಕ್ಲೋರೈಡಿಗೆ ನೀರು ಹುಯ್ದ ದಿನ

ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದ ಎರಡನೆಯ ವರ್ಷ, ಪೋರ್ಷನ್ ಮುಗಿಸುವ ಆತುರದಲ್ಲಿ ಪ್ರಥಮ ಪಿಯು ಮಕ್ಕಳಿಗೆ ನಾನೊಂದು ಅಡ್ಡದಾರಿ ಹೇಳಿಕೊಟ್ಟಿದ್ದೆ: ಎರಡು ಪರಮಾಣುಗಳ ಎಲೆಕ್ಟ್ರೊನೆಗೆಟಿವಿಟಿಯ, ಅಂದರೆ ಬಂಧದ ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆಯುವ ಬಲದ, ವ್ಯತ್ಯಾಸ 1.7 ದಾಟಿದರೆ ಬಂಧ ಅಯಾನಿಕ (ಎಲೆಕ್ಟ್ರಾನ್ ಕೊಟ್ಟು ಪಡೆದು ಆವೇಶ ಹೊತ್ತ ಅಯಾನುಗಳದ್ದು), ದಾಟದಿದ್ದರೆ ಕೋವೆಲೆಂಟ್ (ಎಲೆಕ್ಟ್ರಾನ್ ಹಂಚಿಕೊಂಡದ್ದು). ಲೋಹವಿದ್ದರೆ ಲೆಕ್ಕವೂ ಬೇಡ, ಅಯಾನಿಕ ಎಂದೇ ಬರೆಯಿರಿ. ಅಯಾನುಗಳಿರುವ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದಲ್ಲ, ಇದನ್ನು ಕಣ್ಣಿಗೇ ಕಾಣಿಸಲೆಂದು ಬ್ಯಾಟರಿ, ಬಲ್ಬು, ಎರಡು ಕಾರ್ಬನ್ ಕಡ್ಡಿ ಜೋಡಿಸಿ, ಉಪ್ಪಿನ ದ್ರಾವಣದಲ್ಲಿ ಬಲ್ಬು ಹೊತ್ತುವುದನ್ನೂ ಸಕ್ಕರೆಯ ದ್ರಾವಣದಲ್ಲಿ ಹೊತ್ತದಿರುವುದನ್ನೂ ತೋರಿಸಿ, ಮೂರನೆಯದಾಗಿ ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡಿನ ಬಾಟಲಿಗೆ ಕೈಹಾಕಿದೆ.

"ಸಾರ್, ಅದರ ಮುಚ್ಚಳ ತೆಗೆದ್ರೇ ಹೊಗೆ ಬರುತ್ತೆ, ಬೇಡ" ಎಂದು ಅಟೆಂಡರ್ ಮೆಲ್ಲಗೆ ಹೇಳಿದರು. ಲೋಹದ ಕ್ಲೋರೈಡು, ಉಪ್ಪಿನ ತಮ್ಮನೇ ಸರಿ ಎಂದುಕೊಂಡು ನಾನು ಕಿವಿಗೊಡಲಿಲ್ಲ.

ಪುಡಿಯ ಮೇಲೆ ನೀರು ಬಿದ್ದದ್ದೇ ತಡ, ಬೀಕರ್ ಬುಸುಗುಟ್ಟಿ, ಹೈಡ್ರೋಜನ್ ಕ್ಲೋರೈಡಿನ ಬಿಳಿ ಹೊಗೆ ಮೇಜನ್ನೆಲ್ಲ ಆವರಿಸಿತು. ಮುಂದೆ ನಿಂತಿದ್ದ ಮಕ್ಕಳು ಕೆಮ್ಮುತ್ತ ಹಿಂದೆ ಸರಿದರು. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತಿದರೆ ಅದು ತಿರುಗಲೇ ಇಲ್ಲ. ದುರಸ್ತಿಗೆ ಮೂರು ಸಲ ಇಂಡೆಂಟ್ ಕೊಟ್ಟಿದ್ದರೂ ಆಡಳಿತ ಮಂಡಳಿಗೆ ಕಾಲೇಜಿನ ಕಮಾನೇ ಹೆಚ್ಚಿನದಾಗಿತ್ತು. ಅಟೆಂಡರ್ ಒಂದೊಂದೇ ಕಿಟಕಿ ತೆರೆಯುತ್ತಿದ್ದರೆ, ಬಿಸಿಯೇರಿದ ಬೀಕರನ್ನು ಎತ್ತಬೇಕೋ ಬಿಡಬೇಕೋ ತೋಚದೆ ನಾನು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದೆ.

ಹೊಗೆ ಇಳಿದ ಮೇಲೆ ಮಾನ ಉಳಿಸಿಕೊಳ್ಳಲು ಕಡ್ಡಿಗಳನ್ನು ಅದ್ದಿದೆ. ಬಲ್ಬು ಹೊತ್ತಿತು. "ನೋಡಿ, ಅಯಾನಿಕ" ಎಂದುಬಿಟ್ಟೆ. ನೀರು ಹುಯ್ದದ್ದಕ್ಕಿಂತ ದೊಡ್ಡ ತಪ್ಪು ಈ ಮಾತು.

ಬಲ್ಬು ಹೊತ್ತಿಸಿದ ಅಯಾನುಗಳು ನೀರಿನೊಡನೆ ಕ್ರಿಯೆ ನಡೆದ ಮೇಲೆ, ಅಲ್ಯೂಮಿನಿಯಂ ತನ್ನ ಸುತ್ತ ಆರು ನೀರಿನ ಅಣುಗಳನ್ನು ಕೂಡಿಸಿಕೊಂಡಾಗ ಹುಟ್ಟಿದವು. ಬಾಟಲಿಯೊಳಗಿನ ಬಂಧದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಅಡುಗೆ ಉಪ್ಪು ಕಾದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ಈ ಪುಡಿ ಸುಮಾರು 180 ಡಿಗ್ರಿಗೇ ಆವಿಯಾಗಿ, ಎರಡು ಅಲ್ಯೂಮಿನಿಯಂ ಮತ್ತು ಆರು ಕ್ಲೋರಿನ್ ಇರುವ ಅಣುಗಳಾಗಿ ಹಾರುತ್ತದೆ. ಪುಟ್ಟ ಗಾತ್ರದಲ್ಲಿ ಮೂರು ಧನಾವೇಶ ಹೊತ್ತ ಅಲ್ಯೂಮಿನಿಯಂ, ದೊಡ್ಡ ಕ್ಲೋರೈಡಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಎಳೆದು ಹಂಚಿಕೆಗೆ ಇಳಿಸುತ್ತದೆ ಎಂಬುದನ್ನು ರಸಾಯನವಿಜ್ಞಾನಿ ಫಾಯನ್ಸ್ 1923ರಲ್ಲೇ ವಿವರಿಸಿದ್ದರು. ನಾನದನ್ನು ಪರೀಕ್ಷೆಗೆ ಓದಿ ಮರೆತಿದ್ದೆ. ಅಲ್ಯೂಮಿನಿಯಂ, ಕ್ಲೋರಿನ್‌ಗಳ ಎಲೆಕ್ಟ್ರೊನೆಗೆಟಿವಿಟಿಯ ವ್ಯತ್ಯಾಸವೂ 1.55 ಮಾತ್ರ, ಅಂದರೆ ನನ್ನ ಸೂತ್ರದ ಮೊದಲರ್ಧವನ್ನು ಪಾಲಿಸಿದ್ದರೂ ಸಾಕಿತ್ತು.

ಆ ಸಮಾಧಾನವೂ ಮುಂದಿನ ವಾರದವರೆಗಷ್ಟೇ ಉಳಿಯಿತು. "ಸಾರ್, ಹೈಡ್ರೋಜನ್ ಫ್ಲೋರೈಡಿಗೆ 1.78 ಬರುತ್ತೆ, ಅಯಾನಿಕ ಅಂತ ಬರೀಬೇಕಾ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಅದು ಕೋವೆಲೆಂಟ್. ಅಷ್ಟರಲ್ಲಿ ಇಡೀ ಬ್ಯಾಚಿನ ರೆಕಾರ್ಡುಗಳಲ್ಲಿ ಅಲ್ಯೂಮಿನಿಯಂ ಕ್ಲೋರೈಡಿನ ಮುಂದೆ 'ಅಯಾನಿಕ' ಎಂದಿದ್ದು, ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ನನ್ನ ಸಹಿ ಬಿದ್ದಾಗಿತ್ತು.